ಸೋಪು ಸಿಸ್ಟರ್ ಸಿಂಕು

ಆ ಆಸ್ಪತ್ರೆಯ ಹಸುಗೂಸುಗಳ ವಾರ್ಡಿಗೆ ಕಾಲಿಡುವವರು ಯಾರೇ ಆಗಲಿ, ಬಾಗಿಲಲ್ಲೇ ಒಂದು ದನಿಯನ್ನು ದಾಟಿ ಹೋಗಬೇಕಿತ್ತು. “ಕೈ?” ಅಷ್ಟೇ. ಆ ಒಂದಕ್ಷರಕ್ಕೆ ಹೆಸರಾಂತ ಡಾಕ್ಟರುಗಳೂ ತೋಳು ಮಡಿಸಿಕೊಂಡು, ಶಾಲೆಯ ಮಕ್ಕಳಂತೆ ಸಿಂಕಿನ ಮುಂದೆ ಸಾಲು ನಿಲ್ಲುತ್ತಿದ್ದರು. ದನಿ ವಾರ್ಡಿನ ಹೆಡ್ ನರ್ಸಿನದು. ಆಕೆಗೆ ತಂದೆತಾಯಿ ಇಟ್ಟ ಹೆಸರೊಂದು ಇತ್ತಾದರೂ ಅದು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿತ್ತು; ಎಲ್ಲರ ಬಾಯಲ್ಲೂ ಆಕೆ ಸೋಪು ಸಿಸ್ಟರ್. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಹಿಂದಿನಿಂದ ಹಾಗೆ ಕರೆಯುತ್ತಾರೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಆಕೆಯ ಗಂಡನಿಗೆ ಗಡಿಯಾರ ರಿಪೇರಿಯ ಅಂಗಡಿ. ಗಿರಾಕಿಗಳ ಮುಂದೆ ಅವರು ಹೇಳುತ್ತಿದ್ದ ಮಾತೊಂದಿತ್ತು: “ಮದುವೆ ದಿನ ನಾನು ಇವಳ ಕೈ ಹಿಡಿದೆ ನೋಡಿ, ಅವತ್ತಿಂದ ಇವಳು ನನ್ನ ಕೈ ತೊಳೆಸ್ತಾನೇ ಇದಾಳೆ.”

ಅದೇ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ರೋಗಾಣುಗಳ ಡಾಕ್ಟರಾಗಿದ್ದವಳು ಸೋಪು ಸಿಸ್ಟರಿನ ಅಕ್ಕನ ಮಗಳು. ಮನೆಯಲ್ಲಿ ಅವಳನ್ನು ಕರೆಯುವುದು ಗುಬ್ಬಿ ಎಂದು. ತಲೆಯಲ್ಲಿ ಅಲ್ಲಲ್ಲಿ ಬೆಳ್ಳಿ ಎಳೆ ಇಣುಕಿದ್ದರೂ ಚಿಕ್ಕಮ್ಮನಿಗೆ ಅವಳು ಗುಬ್ಬಿಯೇ. ಚಿಕ್ಕಂದಿನಲ್ಲಿ ಚಿಕ್ಕಮ್ಮನ ಬಿಳಿ ಯೂನಿಫಾರಂ ಹಾಕಿಕೊಂಡು ಬೊಂಬೆಗಳಿಗೆ ಸೂಜಿ ಚುಚ್ಚಿದವಳು ಅವಳು. ಡಾಕ್ಟರಾಗಬೇಕೆಂಬ ಹುಚ್ಚು ಹತ್ತಿದ್ದೂ ಅಲ್ಲಿಂದಲೇ. ಆದರೆ ಆಸ್ಪತ್ರೆಯ ಗೇಟು ದಾಟಿದರೆ ಸಲಿಗೆಯೆಲ್ಲ ಹೊರಗೆ. ಅಲ್ಲಿ ಇವಳು “ಡಾಕ್ಟ್ರೇ”, ಅವಳು “ಸಿಸ್ಟರ್”, ಇಬ್ಬರಿಗೂ ಬಹುವಚನ. ಕ್ಯಾಂಟೀನಿನಲ್ಲಿ ಎದುರುಬದುರು ಕೂತು ಚಹಾ ಕುಡಿಯುವಾಗಲೂ ಚಿಕ್ಕಮ್ಮ ಆ ನಿಯಮವನ್ನು ಸಡಿಲ ಬಿಡುತ್ತಿರಲಿಲ್ಲ.

ವಾರ್ಡಿನ ನಡುಮಧ್ಯೆ ಇದ್ದ ಸಿಂಕು ಚಿಕ್ಕಮ್ಮ ಹೋರಾಡಿ ತರಿಸಿದ್ದು. ಮೊದಲು ಕೈ ತೊಳೆಯಬೇಕಾದರೆ ಉದ್ದನೆಯ ಓಣಿಯ ಕೊನೆಗೆ ಹೋಗಬೇಕಿತ್ತು. ಕೆಲಸದ ಅವಸರದಲ್ಲಿ ಯಾರೂ ಅಷ್ಟು ದೂರ ಹೋಗುತ್ತಿರಲಿಲ್ಲ. ಚಿಕ್ಕಮ್ಮ ಸೂಪರಿಂಟೆಂಡೆಂಟರ ಕೋಣೆಗೆ ಅಲೆದಳು. ಅವರು ವರ್ಗವಾದರು, ಮುಂದಿನವರ ಕೋಣೆಗೆ ಅಲೆದಳು. ಕೊನೆಗೆ ಬಂದವರು “ಈಯಮ್ಮನ ಕಾಟ ತಪ್ಪಿದರೆ ಸಾಕು” ಎಂದು ರುಜು ಹಾಕಿದರು. ಸಿಂಕು ಕೂರಿಸಿದ ದಿನ ಚಿಕ್ಕಮ್ಮ ಇಡೀ ವಾರ್ಡಿಗೆ ಬಿಸ್ಕತ್ತು ಹಂಚಿದ್ದಳು. ಅದರ ಪಕ್ಕದ ಕಲ್ಲುಹಾಸಿನ ಮೇಲೆ ಮಕ್ಕಳಿಗೆ ಹಾಲು ಕುಡಿಸುವ ಪುಟ್ಟ ಬಟ್ಟಲುಗಳನ್ನು ತೊಳೆದು ಬೋರಲು ಹಾಕಿಡುವ ಏರ್ಪಾಡೂ ಆಕೆಯದೇ.

ತೊಂದರೆ ಶುರುವಾದದ್ದು ಒಂದು ಗಂಡುಕೂಸಿನಿಂದ. ತಿಂಗಳು ತುಂಬುವ ಮೊದಲೇ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿ, ದಿನಕ್ಕಿಷ್ಟಿಷ್ಟೇ ತೂಕ ಏರಿಸಿಕೊಳ್ಳುತ್ತಿದ್ದ ಮಗು ಒಂದು ಬೆಳಿಗ್ಗೆ ಹಾಲಿಗೆ ಬಾಯಿ ತೆರೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೈ ಜೋಲು ಬಿತ್ತು. ರಕ್ತ ಲ್ಯಾಬಿಗೆ ಬಂತು. ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಹರಡಿ, ಮೇಲೆ ಬೇರೆ ಬೇರೆ ಔಷಧಿ ಹೀರಿಸಿದ ಕಾಗದದ ಬಿಲ್ಲೆಗಳನ್ನು ಇಟ್ಟು, ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೆಳೆಯಲು ಬಿಡುವುದು ಲ್ಯಾಬಿನ ಕ್ರಮ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ದುಂಡನೆಯ ಬಯಲು ಉಳಿಯುತ್ತದೆ. ಗುಬ್ಬಿ ತಟ್ಟೆ ತೆಗೆದು ನೋಡಿದಾಗ ಬಯಲೆಂಬುದೇ ಇರಲಿಲ್ಲ. ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಎಲ್ಲ ಬಿಲ್ಲೆಗಳ ಅಂಚಿಗೂ ಒತ್ತಿಕೊಂಡು ಬೆಳೆದಿತ್ತು.

ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಅವಳ ಭುಜದ ಮೇಲಿಂದ ಇಣುಕಿದರು. ಎಂಥ ಹೊತ್ತಿನಲ್ಲೂ ನಾಲಿಗೆ ತಡೆಯದ ಮನುಷ್ಯ. “ಬಿಲ್ಲೆನ ದಿಂಬು ಅಂದ್ಕೊಂಡಿದೆ ಮೇಡಂ. ಒರಗಿಕೊಂಡು ಮಲಗಿಬಿಟ್ಟಿದೆ.”

ಗುಬ್ಬಿಗೆ ಅದರ ಗುಟ್ಟು ಗೊತ್ತಿತ್ತು. ಅಂಥ ಔಷಧಿಗಳ ಅಣುವಿನಲ್ಲಿ ಒಂದು ಪುಟ್ಟ ಉಂಗುರವಿರುತ್ತದೆ. ಔಷಧಿಯ ಶಕ್ತಿಯೆಲ್ಲ ಆ ಉಂಗುರದಲ್ಲಿ. ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ಸೀಳಿಹಾಕುವ ಕಿಣ್ವವೊಂದನ್ನು ತಯಾರಿಸಿಕೊಳ್ಳುತ್ತವೆ. ಒಂದು ಉಂಗುರ ಸೀಳಿದ್ದರಿಂದ ಕಿಣ್ವಕ್ಕೆ ಸವೆತವಿಲ್ಲ, ಬಳಲಿಕೆಯಿಲ್ಲ. ಕೂಡಲೇ ಮುಂದಿನದಕ್ಕೆ ಕೈ ಹಾಕುತ್ತದೆ. ಓದುವ ದಿನಗಳಲ್ಲಿ ಅವಳು ಅದರ ರಚನೆಯ ಚಿತ್ರವನ್ನು ನೋಡಿ ಬೆರಗಾಗಿದ್ದಳು. ಇಷ್ಟು ಚೊಕ್ಕ ಕೆಲಸಗಾರ ಇನ್ನೊಬ್ಬನಿಲ್ಲ ಎನ್ನಿಸಿತ್ತು. ಅದಕ್ಕೆ ಮಗುವಿನ ಮೇಲೆ ಹಗೆಯಿಲ್ಲ, ಮಗುವೊಂದು ಇದೆಯೆಂಬುದೇ ಗೊತ್ತಿಲ್ಲ. ಈಗ ತಟ್ಟೆ ಹಿಡಿದು ನಿಂತಾಗ ಆ ಗೊತ್ತಿಲ್ಲದಿರುವುದೇ ಅವಳನ್ನು ಹೆಚ್ಚು ಕಾಡಿತು.

ಒಂದು ಹಳೆಯ ಔಷಧಿಗೆ ಮಾತ್ರ ಬ್ಯಾಕ್ಟೀರಿಯಾ ಮಣಿಯಿತು. ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದೆಂದು ಎಲ್ಲರೂ ದೂರ ಇಟ್ಟಿದ್ದ ಔಷಧಿ ಅದು. ಬೇರೆ ದಾರಿಯಿರಲಿಲ್ಲ, ಕೊಟ್ಟರು. ಗಂಡುಕೂಸು ಉಳಿಯಿತು.

ಎರಡನೆಯದು ಒಂದು ಹೆಣ್ಣುಕೂಸು. ತಾಯಿ ಬಟ್ಟೆ ಹೊಲಿಯುವವಳು; ಮಗಳಿಗೆಂದು ತಾನೇ ಹೊಲಿದ ಬೆರಳುದ್ದದ ಕಾಲುಚೀಲಗಳನ್ನು ದಿನಾ ಬದಲಿಸುತ್ತಿದ್ದಳು. ಆ ಮಗುವಿನ ರಕ್ತದಲ್ಲಿ ಸಿಕ್ಕಿದ್ದು ಬೇರೆಯೇ ಜಾತಿಯ ಬ್ಯಾಕ್ಟೀರಿಯಾ, ಆದರೆ ಬಿಲ್ಲೆಗಳ ಮುಂದೆ ಅದೇ ಧಿಮಾಕು. ಹಳೆಯ ಔಷಧಿ ಶುರುಮಾಡುವ ಹೊತ್ತಿಗೆ ತಡವಾಗಿತ್ತು.

ಮಗು ಹೋದ ಬೆಳಿಗ್ಗೆ ಗುಬ್ಬಿ ವರದಿ ಹಿಡಿದು ವಾರ್ಡಿಗೆ ಬಂದಾಗ ಚಿಕ್ಕಮ್ಮ ಒಬ್ಬ ನರ್ಸನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿಕೊಂಡಿದ್ದಳು. ಆ ನರ್ಸಿಗೆ ಸೊಂಟದ ಕೆಳಗೆ ಇಳಿಯುವ ಜಡೆ, ಹಾಗಾಗಿ ಎಲ್ಲರೂ ಅವಳನ್ನು ಉದ್ದಜಡೆ ಎನ್ನುತ್ತಿದ್ದರು.

“ನಿಜ ಹೇಳು. ಈ ಮಗೂನ ಎತ್ಕೊಳ್ಳೋ ಮುಂಚೆ ಕೈ ತೊಳೆದಿದ್ಯಾ?”

“ತೊಳೆದಿದ್ದೆ ಸಿಸ್ಟರ್... ತೊಳೆದಿದ್ದೆ ಅನ್ಸುತ್ತೆ.”

“ಅನ್ಸುತ್ತಾ? ಇಲ್ಲೊಂದು ಜೀವ ಹೋಗಿದೆ, ನಿನಗೆ ಅನ್ಸುತ್ತಾ?”

ಮಗುವಿನ ತಾಯಿ ಪಕ್ಕದಲ್ಲೇ, ಖಾಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಆಕೆ ತಲೆ ಎತ್ತಿ ಏನೋ ಹೇಳಲು ಹೋದವಳು ಹೇಳದೆ ಸುಮ್ಮನಾದಳು. ಆ ವಾರವೇ ಚಿಕ್ಕಮ್ಮ ಉದ್ದಜಡೆಯನ್ನು ಹೊರರೋಗಿಗಳ ವಿಭಾಗಕ್ಕೆ ವರ್ಗ ಮಾಡಿಸಿದಳು. ಉಳಿದವರಿಗೆ ಕೈ ತೊಳೆಯುವ ನಿಯಮ ದುಪ್ಪಟ್ಟಾಯಿತು: ಮಗುವನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಪೆಟ್ಟಿಗೆಯ ಬಾಗಿಲು ಮುಟ್ಟಿದರೂ ಸರಿ. ನಲ್ಲಿ ನಿಂತ ಹೊತ್ತೇ ಇರಲಿಲ್ಲ. ಅಷ್ಟಾದರೂ ಮೂರನೆಯ ಮಗುವಿಗೆ ಜ್ವರ ಬಂತು.

ಮಕ್ಕಳ ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಮೂರು ಮಕ್ಕಳಿಗೆ ಮೂರು ಬೇರೆ ಬೇರೆ ಬ್ಯಾಕ್ಟೀರಿಯಾ. ಒಂದರಿಂದ ಇನ್ನೊಂದಕ್ಕೆ ಹರಡಿದ್ದಲ್ಲ. ನಮ್ಮ ಗ್ರಹಚಾರ ಕೆಟ್ಟಿದೆ, ಅಷ್ಟೆ.”

ಗುಬ್ಬಿಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಮೂರೂ ತಟ್ಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಎಲ್ಲೋ ಕೊರೆಯತೊಡಗಿತು. ಮುಖ ಬೇರೆ, ಚಾಳಿ ಒಂದೇ. ಮೂರನ್ನೂ ಜೀನ್ ಪರೀಕ್ಷೆಯ ಯಂತ್ರಕ್ಕೆ ಹಾಕಿದಳು. ಫಲಿತಾಂಶ ಬಂತು. ಮೂರರಲ್ಲೂ ಇದ್ದದ್ದು ಒಂದೇ ಕಿಣ್ವದ ಜೀನ್, ಕೂದಲೆಳೆಯ ವ್ಯತ್ಯಾಸವಿಲ್ಲ.

“ಅಂದ್ರೆ ಕಳ್ಳರು ಮೂವರು, ಕತ್ತರಿ ಒಂದೇ ಅನ್ನಿ,” ಎಂದರು ಟೆಕ್ನಿಷಿಯನ್.

“ಹೌದು. ಒಬ್ಬರಿಂದ ಒಬ್ಬರಿಗೆ ದಾಟಿಸಿದಾರೆ.”

ಬ್ಯಾಕ್ಟೀರಿಯಾಗಳು ಹಾಗೆ ಮಾಡುತ್ತವೆ. ಅಂಥ ಕಿಣ್ವ ತಯಾರಿಸುವ ವಿದ್ಯೆ ಜೀನುಗಳ ಒಂದು ಸಣ್ಣ ಎಳೆಯಲ್ಲಿ ಅಡಗಿರುತ್ತದೆ. ಪಕ್ಕದಲ್ಲಿರುವುದು ಬೇರೆ ಜಾತಿಯದಾದರೂ ಅದರ ನಕಲನ್ನು ದಾಟಿಸಿಬಿಡುತ್ತವೆ. ಆದರೆ ಅದಕ್ಕೆ ಒತ್ತೊತ್ತಾಗಿ, ಬಹಳ ಕಾಲ ಜೊತೆಯಲ್ಲಿ ಬಾಳುವೆ ಮಾಡಿರಬೇಕು. ಜೊತೆಗೆ ಆಗಾಗ ಸ್ವಲ್ಪ ಔಷಧಿಯೂ ಬೀಳುತ್ತಿರಬೇಕು. ಕಿಣ್ವ ಇಲ್ಲದವು ಸಾಯಲಿ, ಇರುವವು ಬೆಳೆಯಲಿ ಎಂಬಂತೆ. ಹುಟ್ಟಿ ಕೆಲವೇ ವಾರಗಳಾದ ಮಗುವಿನ ಮೈಯಲ್ಲಿ ಅಂಥ ಸಂಸಾರ ಕಟ್ಟಿಕೊಳ್ಳಲು ಬಿಡುವೆಲ್ಲಿ? ವಾರ್ಡಿನಲ್ಲೇ ಎಲ್ಲೋ ಅವುಗಳದೊಂದು ಮನೆಯಿದೆ ಎಂದು ಗುಬ್ಬಿಗೆ ಖಾತ್ರಿಯಾಯಿತು.

ಮೊದಲು ಎಲ್ಲರ ಕೈ ನೋಡುವುದು ಎಂದಾಯಿತು. ಹತ್ತಿ ಸುತ್ತಿದ ಕಡ್ಡಿ ಹಿಡಿದು ಅವಳು ವಾರ್ಡಿಗೆ ಹೋದಳು. ಒಬ್ಬೊಬ್ಬರದೇ ಅಂಗೈ, ಬೆರಳ ಸಂದು ಒರೆಸಿಕೊಂಡು, ಚಿಕ್ಕಮ್ಮನ ಮುಂದೆ ಬಂದು ನಿಂತಾಗ ಚಿಕ್ಕಮ್ಮನ ಮುಖ ಬಿಗಿದಿತ್ತು.

“ಏನು ಡಾಕ್ಟ್ರೇ, ನನ್ನ ಕೈಯೂ ನೋಡ್ಬೇಕಾ?”

“ಎಲ್ಲರದೂ ನೋಡ್ತಿದೀವಿ ಸಿಸ್ಟರ್.”

“ತಡೀರಿ, ತೊಳ್ಕೊಂಡು ಬರ್ತೀನಿ.”

“ಬೇಡ. ಈಗ ಹೇಗಿದೆಯೋ ಹಾಗೇ ಬೇಕು.”

ಚಿಕ್ಕಮ್ಮ ಎರಡೂ ಕೈ ಚಾಚಿದಳು. ಗುಬ್ಬಿ ಒರೆಸಿ ಮುಗಿಸಿದ ಮೇಲೆ, ದಡದಡ ಸಿಂಕಿಗೆ ನಡೆದು, ನಲ್ಲಿಯನ್ನು ಪೂರ್ತಿ ಬಿಟ್ಟು, ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದು ಬಂದಳು. “ಈಗ ಇನ್ನೊಂದು ಸಲ ತಗೊಳ್ಳಿ. ತೊಳೆದ ಕೈ ಅಂದ್ರೆ ಹೇಗಿರುತ್ತೆ ಅಂತ ನಿಮ್ಮ ವರದೀಲಿ ಬರೀರಿ. ನಾಲ್ಕು ಜನಕ್ಕೆ ಗೊತ್ತಾಗ್ಲಿ.”

ಆ ಹಟಕ್ಕೆ ಗುಬ್ಬಿಗೆ ನಗು ಬಂತು. ಚಿಕ್ಕಮ್ಮನ ಮನಸ್ಸು ನೋಯಿಸುವುದೇಕೆಂದು ಎರಡನೆಯ ಸಲವೂ ಒರೆಸಿಕೊಂಡಳು.

ಉಳಿದವರ ಕೈಗಳಲ್ಲಿ ಏನೂ ಸಿಗಲಿಲ್ಲ; ಚಿಕ್ಕಮ್ಮನ ಎರಡು ಕಡ್ಡಿಗಳ ಫಲಿತಾಂಶ ನೋಡಿ ಟೆಕ್ನಿಷಿಯನ್ ತಲೆ ಕೆರೆದುಕೊಂಡರು. “ಮೇಡಂ, ನಿಮ್ಮ ಚಿಕ್ಕಮ್ಮನವರ ಕೊಳವೆ ಅದಲು ಬದಲಾಗಿದೆ. ತೊಳೆಯೋ ಮುಂಚಿನ ಕೈಲಿ ಏನೂ ಇಲ್ಲ. ತೊಳೆದ ಕೈಲಿ ನಮ್ಮ ಕತ್ತರಿ ಗಿರಾಕಿ ಕೂತಿದೆ.”

ಚೀಟಿ ಅಂಟಿಸಿದವಳು ಗುಬ್ಬಿಯೇ. ಅದಲು ಬದಲಾಗಿರಲಿಲ್ಲ.  ಅವಳು ವಾರ್ಡಿಗೆ ಹೋಗಿ, ಯಾರಿಗೂ ಏನೂ ಹೇಳದೆ ತನ್ನ ಕೈಯನ್ನೇ ಒರೆಸಿಕೊಂಡಳು, ಸಿಂಕಿನಲ್ಲಿ ಚೆನ್ನಾಗಿ ತೊಳೆದು ಮತ್ತೆ ಒರೆಸಿಕೊಂಡಳು. ಸಿಂಕಿನ ನೀರು ಹೋಗುವ ತೂತಿನೊಳಗೂ ಒಂದು ಕಡ್ಡಿ ಇಳಿಸಿದಳು. ಅವಳ ಕೈಯೂ ತೊಳೆಯುವ ಮೊದಲು ಚೊಕ್ಕಟವಾಗಿತ್ತು. ತೊಳೆದ ಮೇಲೆ ಇರಲಿಲ್ಲ. ಒಣಗಿದ ಕೈಯಲ್ಲಿ ಅವು ಹೆಚ್ಚು ಹೊತ್ತು ಉಳಿಯುವುದಿಲ್ಲ, ಆಗಷ್ಟೇ ತೊಳೆದ ಒದ್ದೆ ಕೈಯಲ್ಲಿ ಸಿಕ್ಕಿಬಿದ್ದಿದ್ದವು. ತೂತಿನಿಂದ ಬಂದ ಕಡ್ಡಿಯಲ್ಲಿ ಮೂರೂ ಜಾತಿಗಳು ಸಿಕ್ಕಿದವು, ಜೊತೆಗೆ ಇನ್ನೂ ಕೆಲವು. ಎಲ್ಲದರ ಹತ್ತಿರವೂ ಅದೇ ಕಿಣ್ವ.

ಮಕ್ಕಳನ್ನು ಪಕ್ಕದ ಕೋಣೆಗೆ ಸಾಗಿಸಿ, ಆ ಮಧ್ಯಾಹ್ನವೇ ವಾರ್ಡಿನ ಪರದೆಗಳನ್ನು ಎಳೆದರು. ಗುಬ್ಬಿ ಸಿಂಕಿನ ತೂತಿನೊಳಕ್ಕೆ ಒಂದು ಬಣ್ಣ ಸುರಿದಳು. ಬರಿಗಣ್ಣಿಗೆ ಅದು ಅಷ್ಟಾಗಿ ಕಾಣುವುದಿಲ್ಲ. ಒಂದು ಬಗೆಯ ನೀಲಿ ದೀಪ ಹಿಡಿದರೆ ಹಸಿರಾಗಿ ಹೊಳೆಯುತ್ತದೆ. “ಸಿಸ್ಟರ್, ದಿನಾ ತೊಳೀತೀರಲ್ಲ, ಹಾಗೇ ಕೈ ತೊಳೀರಿ,” ಎಂದಳು. ಚಿಕ್ಕಮ್ಮನಿಗೆ ಇದೇನು ಆಟವೆಂದು ಅರ್ಥವಾಗಲಿಲ್ಲ. ಆದರೂ ಯಾವ ಬೆರಳನ್ನೂ ಬಿಡದೆ ತೊಳೆದಳು. ನಲ್ಲಿಯ ನೀರು ನೇರವಾಗಿ ತೂತಿನ ಮೇಲೇ ಬೀಳುತ್ತಿತ್ತು. ಗುಬ್ಬಿ ದೀಪ ಹಚ್ಚಿದಳು.

ಚಿಕ್ಕಮ್ಮನ ಅಂಗೈ, ಮುಂಗೈ, ಮೊಣಕೈ, ಬಿಳಿ ಏಪ್ರನ್ನಿನ ಎದೆ, ಎಲ್ಲ ಕಡೆ ಹಸಿರು ಚುಕ್ಕೆಗಳು ಮಿನುಗಿದವು. ಕಲ್ಲುಹಾಸಿನ ಮೇಲೆ ಬೋರಲು ಹಾಕಿದ್ದ ಹಾಲಿನ ಬಟ್ಟಲುಗಳ ಮೇಲೂ ಇದ್ದವು. ಹತ್ತಿರದ ಪೆಟ್ಟಿಗೆಯ ಬಾಗಿಲ ಹಿಡಿಯ ಮೇಲೂ ಇದ್ದವು.

ಮುಖ್ಯಸ್ಥರು “ಅಯ್ಯೋ” ಎಂದರು.  ಚಿಕ್ಕಮ್ಮ ಕೈಗಳನ್ನು ಮೈಯಿಂದ ದೂರ ಹಿಡಿದು, ಅವು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

“ನಾನು ಎಷ್ಟು ಸಲ ತೊಳೀತೀನೋ...” ಎಂದಳು. 

“ಚಿಕ್ಕಮ್ಮ,” ಎಂದುಬಿಟ್ಟಳು ಗುಬ್ಬಿ, ಎಲ್ಲರ ಎದುರಿಗೇ. ಚಿಕ್ಕಮ್ಮ ಅವಳನ್ನು ತಿದ್ದಲಿಲ್ಲ. ಏಪ್ರನ್ ಬಿಚ್ಚಿ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಬಾಗಿಲ ಬಳಿ ಇಟ್ಟು ಹೊರಟುಹೋದಳು.

ಪ್ಲಂಬರ್ ಬಂದು ಸಿಂಕಿನ ಕೆಳಗಿನ ಬಾಗಿದ ಕೊಳವೆ ಬಿಚ್ಚಿದಾಗ ಒಳಗೆ ಬೆರಳು ದಪ್ಪದ ಕರಿಯ ಲೋಳೆ. “ಏನೇನು ಸುರೀತೀರ ಸ್ವಾಮಿ ಇದಕ್ಕೆ?” ಎಂದು ಮೂಗು ಮುಚ್ಚಿಕೊಂಡ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮಕ್ಕಳು ಕುಡಿದು ಬಿಟ್ಟ ಹಾಲು, ಮಿಕ್ಕ ಗ್ಲೂಕೋಸು, ಡಾಕ್ಟರುಗಳ ಆರಿದ ಚಹಾ, ಸೂಜಿಮದ್ದಿನ ಶೀಶೆಗಳಲ್ಲಿ ಉಳಿದ ಹನಿ ಔಷಧಿ. ಆ ಲೋಳೆಗೆ ಊಟವೂ ಅಲ್ಲೇ, ಪಾಠವೂ ಅಲ್ಲೇ ಸಿಕ್ಕಿತ್ತು. ಸಿಂಕನ್ನು ಕಿತ್ತು ಗೋಡೆ ಮುಚ್ಚಿದರು. ಹೊಸದನ್ನು ವಾರ್ಡಿನ ಹೊರಗೆ, ನಲ್ಲಿಯ ನೀರು ತೂತಿನ ಮೇಲೆ ಬೀಳದಂತೆ ಕೂರಿಸಿದರು. ಒಳಗೆ ಪ್ರತಿ ಪೆಟ್ಟಿಗೆಯ ಪಕ್ಕ ಕೈಗೆ ಹಚ್ಚಿಕೊಳ್ಳುವ ಸ್ಪಿರಿಟ್ಟಿನ ಬಾಟಲಿ ಬಂತು. ಮೂರನೆಯ ಮಗು ಚೇತರಿಸಿಕೊಂಡಿತು. ನಾಲ್ಕನೆಯದು ಯಾವುದೂ ಕಾಯಿಲೆ ಬೀಳಲಿಲ್ಲ.

ಚಿಕ್ಕಮ್ಮ ಮಾತ್ರ ರಜೆ ಹಾಕಿದವಳು ಮತ್ತೆ ಬರಲಿಲ್ಲ. ಫೋನು ಎತ್ತಲಿಲ್ಲ. ರಜಾದಿನ ಗುಬ್ಬಿ ಅವರ ಮನೆಗೆ ಹೋದಳು. ಕೆಳಗೆ ಅಂಗಡಿ, ಮೇಲೆ ಮನೆ. ಚಿಕ್ಕಪ್ಪ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರವೊಂದರ ಹೊಟ್ಟೆ ಬಿಚ್ಚಿ ಕೂತಿದ್ದರು.

“ಮೇಲಿದಾಳೆ,” ಎಂದರು ಮೆಲ್ಲಗೆ. “ಊಟಕ್ಕೆ ಕೂತಾಗ ನನಗೆ ಕೈ ತೊಳಿ ಅಂತಾನೇ ಹೇಳ್ತಿಲ್ಲ ಗುಬ್ಬಿ. ನನಗೆ ಭಯ ಆಗ್ತಿದೆ.”

ಚಿಕ್ಕಮ್ಮ ಕಿಟಕಿಯ ಪಕ್ಕ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಗುಬ್ಬಿ ಚಾಪೆ ಎಳೆದುಕೊಂಡು ಎದುರಿಗೆ ಕೂತಳು.

“ಬಿಡಿಸಿ ಹೇಳು,” ಎಂದಳು ಚಿಕ್ಕಮ್ಮ. “ನನಗೆ ಅರ್ಥ ಆಗೋ ಹಾಗೆ.”

ಗುಬ್ಬಿ ಹೇಳಿದಳು. ಉಂಗುರದ ಕತೆ, ಅದನ್ನು ಸೀಳುವ ಕಿಣ್ವದ ಕತೆ, ಕೊಳವೆಯ ಕತ್ತಲಲ್ಲಿ ಒಂದು ಇನ್ನೊಂದಕ್ಕೆ ವಿದ್ಯೆ ದಾಟಿಸಿದ ಕತೆ. 

“ಸೋಪು ಹಾಕಿ ತೊಳೆದ್ರೂ?”

“ಸೋಪು ಅದರ ಕೆಲಸ ಮಾಡ್ತು. ಆದ್ರೆ ಸೋಪು ಹೋದ್ಮೇಲೂ ನೀರು ಸಿಡೀತಾನೇ ಇತ್ತಲ್ಲ ಚಿಕ್ಕಮ್ಮ.”

ಚಿಕ್ಕಮ್ಮ ಒಂದು ಟವೆಲನ್ನು ತೊಡೆಯ ಮೇಲೆ ಹರವಿ ಅಂಗೈಯಿಂದ ನೀವಿದಳು. “ಆ ಹೆಣ್ಣುಮಗು. ನನ್ನ ಕೈಯಿಂದಾನೇ ಹೋಯ್ತಾ?”

ಇಲ್ಲ ಎನ್ನುವುದು ಎಷ್ಟು ಸುಲಭವಾಗಿತ್ತು! ನಾಲಿಗೆಯ ತುದಿಗೇ ಬಂದಿತ್ತು. ಆದರೆ ಗುಬ್ಬಿಯ ಕೆಲಸವೇ ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಅದನ್ನು ಕಲಿಸಿದವಳು ಎದುರಿಗೆ ಕೂತಿದ್ದಳು.

“ಗೊತ್ತಿಲ್ಲ. ನಿನ್ನ ಕೈ ಇರಬಹುದು, ಹಾಲಿನ ಬಟ್ಟಲಿರಬಹುದು, ಮುಖ್ಯಸ್ಥರ ಕೈ ಇರಬಹುದು. ಯಾವ ಪರೀಕ್ಷೆನೂ ಅದನ್ನ ಹೇಳಲ್ಲ.”

ಚಿಕ್ಕಮ್ಮ ಟವೆಲನ್ನು ಮಡಿಸಿ ಬದಿಗಿಟ್ಟಳು. ಆಮೇಲೆ, “ಇಲ್ಲ ಅಂದಿದ್ರೆ ನಿನ್ನ ಮಾತು ನಂಬ್ತಿರಲಿಲ್ಲ,” ಎಂದಳು. ಕಣ್ಣು ಒರೆಸಿಕೊಳ್ಳಲಿಲ್ಲ. “ಆ ಹುಡುಗಿನ ಎಲ್ಲರ ಮುಂದೆ ನಿಲ್ಲಿಸಿ ಬೈದೆನಲ್ಲೇ ಗುಬ್ಬಿ. ಅವಳು ಒಂದು ಸಲ ತೊಳೀದೆ ಬಿಟ್ಟಿದ್ರೆ ಅದೇ ಒಳ್ಳೇದಾಗಿತ್ತೋ ಏನೋ.”

ಮರುದಿನ ಚಿಕ್ಕಮ್ಮ ಯೂನಿಫಾರಂ ತೊಟ್ಟು ಆಸ್ಪತ್ರೆಗೆ ಬಂದಳು. ವಾರ್ಡಿಗೆ ಹೋಗುವ ಮೊದಲು ಹೊರರೋಗಿಗಳ ವಿಭಾಗಕ್ಕೆ ಹೋದಳು. ಗುಬ್ಬಿಯನ್ನೂ ಜೊತೆಗೆ ಬರಲು ಹೇಳಿದ್ದಳು. ಉದ್ದಜಡೆ ರೋಗಿಯೊಬ್ಬನ ಕೈಗೆ ಬ್ಯಾಂಡೇಜು ಸುತ್ತುತ್ತಿದ್ದಳು. ಮುಗಿಯುವವರೆಗೂ ಚಿಕ್ಕಮ್ಮ ಬಾಗಿಲ ಬಳಿ ನಿಂತು ಕಾದಳು.

“ನಿನ್ನ ಮೇಲೆ ತಪ್ಪು ಹೊರಿಸಿದೆ. ಅದು ನಿನ್ನ ತಪ್ಪಲ್ಲ. ಕ್ಷಮಿಸು ಅಂತ ಕೇಳೋಕೆ ಬಂದೆ.”

ಉದ್ದಜಡೆಯ ಕೆನ್ನೆ ಕೆಂಪೇರಿತು. ಬ್ಯಾಂಡೇಜಿನ ಉಂಡೆಯನ್ನು ತಿರುವುತ್ತ ನಿಂತಳು. “ಸಿಂಕಿನ ವಿಷ್ಯ ಎಲ್ಲರೂ ಹೇಳಿದ್ರು ಸಿಸ್ಟರ್. ನೀವು ಬರ್ತೀರ ಅಂದ್ಕೊಂಡಿರಲಿಲ್ಲ.” ಆಮೇಲೆ ತಲೆ ಎತ್ತಿ ಹೇಳಿದಳು: “ಆದ್ರೆ ನೀವು ಬೈದಿದ್ದು ಆ ಮಗೂ ಅಮ್ಮನ ಎದುರಿಗೆ. ಅವರು ಇವತ್ತಿಗೂ ನಾನೇ ಮಗೂನ ಕೊಂದೆ ಅಂದ್ಕೊಂಡಿರ್ತಾರೆ. ಅವರಿಗೆ ಯಾರು ಹೇಳ್ತಾರೆ?”

ಅವರಿಗೆ ಯಾರೂ ಹೇಳಿರಲಿಲ್ಲ. ಗುಬ್ಬಿ ಮುಖ್ಯಸ್ಥರ ಕೋಣೆಗೆ ಹೋಗಿ ಕೇಳಿದಾಗ ಅವರು ಪೆನ್ನಿನ ಮುಚ್ಚಳವನ್ನು ಹಾಕಿದರು, ತೆಗೆದರು. ಕೆಟ್ಟ ಮನುಷ್ಯರಲ್ಲ, ಆ ಮಗು ಹೋದ ದಿನ ಊಟ ಬಿಟ್ಟವರು. “ಸಿಂಕಿನ ವಿಚಾರಣೆ ನಡೀತಿದೆ, ಮುಗೀಲಿ, ಆಸ್ಪತ್ರೆ ಕಡೆಯಿಂದ ತಿಳಿಸೋಣ. ಈಗ ಹೋಗಿ ಹೇಳಿದ್ರೆ ಮಗು ವಾಪಸ್ ಬರುತ್ತಾ? ಗಾಯ ಕೆದಕಿದ ಹಾಗಾಗುತ್ತೆ ಅಷ್ಟೆ.”

ಗುಬ್ಬಿ ಈ ಮಾತನ್ನು ಚಿಕ್ಕಮ್ಮನಿಗೆ ತಿಳಿಸಿದಳು. ಚಿಕ್ಕಮ್ಮ ಚೀಲ ಹೆಗಲಿಗೇರಿಸಿಕೊಂಡಳು. “ವಿಚಾರಣೆ ಆಸ್ಪತ್ರೆದು. ಮಾತು ನಂದು. ನೀನು ಬರ್ತೀಯೋ, ನಾನೊಬ್ಬಳೇ ಹೋಗ್ಲೋ?”

ಆ ತಾಯಿಯ ಮನೆ ಒಂದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಬಾಗಿಲು ತೆರೆದವಳು ಚಿಕ್ಕಮ್ಮನ ಮುಖ ನೋಡಿದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದಳು. ಒಳಗೆ ಇದ್ದದ್ದು ಒಂದೇ ಕೋಣೆ; ಮಂಚದ ಮೇಲೆಲ್ಲ ಯಾರದೋ ಅರ್ಧ ಹೊಲಿದ ಅಂಗಿಗಳು. ಆಕೆ ಅವನ್ನು ಬದಿಗೆ ಸರಿಸಿ ಕೂರಲು ಜಾಗ ಮಾಡಿಕೊಟ್ಟಳು. ತಾನು ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು.

ಚಿಕ್ಕಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ. ಮಗುವಿಗೆ ಬಂದ ಸೋಂಕು ವಾರ್ಡಿನ ಸಿಂಕಿನಿಂದ ಬಂದದ್ದು, ಈಗ ಅದನ್ನು ಕಿತ್ತು ಗೋಡೆ ಮುಚ್ಚಿ ಬಣ್ಣ ಹೊಡೆದಾಗಿದೆ ಎಂದಳು. ಆ ಸಿಂಕನ್ನು ಹಟ ಹಿಡಿದು ಹಾಕಿಸಿದವಳು ತಾನು ಎಂದಳು. ಅದರಲ್ಲಿ ಕೈ ತೊಳೆದು ಮಗುವನ್ನು ಮುಟ್ಟಿದವರಲ್ಲಿ ತಾನೂ ಒಬ್ಬಳು ಎಂದಳು. “ಅವತ್ತು ನಿಮ್ಮೆದುರಿಗೆ ಆ ನರ್ಸಿಗೆ ಬೈದೆ. ಅವಳದೇನೂ ತಪ್ಪಿರಲಿಲ್ಲ.”

ಆ ತಾಯಿ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೇಳುತ್ತಿದ್ದಳು. ಅದು ತಾನಾಗಿ ತಿರುಗೀತೆಂದು ಹಿಡಿದುಕೊಂಡಂತಿತ್ತು.

“ಸಿಂಕಿಂದ,” ಎಂದಳು. “ಹಾಗಾದ್ರೆ ನಾನು ಮುಟ್ಟಿದ್ರಿಂದ ಅಲ್ವಾ?”

ಇಬ್ಬರಿಗೂ ಅರ್ಥವಾಗಲಿಲ್ಲ.

“ಒಂದಿನ ನೀವು ಬಾಗಿಲಲ್ಲಿ ಇರಲಿಲ್ಲ,” ಎಂದಳು ಆಕೆ ಚಿಕ್ಕಮ್ಮನ ಕಡೆ ತಿರುಗಿ. “ಅವಳು ಅಳ್ತಿದ್ಲು. ನಾನು ಕೈ ತೊಳೀದೆ ಓಡಿಹೋಗಿ ಮುಟ್ಟಿಬಿಟ್ಟೆ. ಅದಾದ ಮೇಲೇ ಜ್ವರ ಬಂತು. ಅವತ್ತು ಆ ನರ್ಸಮ್ಮನಿಗೆ ನೀವು ಬೈತಿರೋವಾಗ ನನಗೆ ಗೊತ್ತಿತ್ತು, ತಪ್ಪು ಅವರದಲ್ಲ ನಂದೇ ಅಂತ. ಹೇಳೋಕೆ ಬಾಯಿ ಬರಲಿಲ್ಲ. ಮನೇಲಿ ಹೇಳ್ದೆ. ನನ್ನ ಗಂಡ ಅವತ್ತಿಂದ ನನ್ನ ಹತ್ರ ಸರಿಯಾಗಿ ಮಾತಾಡಿಲ್ಲ.”

ಗುಬ್ಬಿ ಬಗ್ಗಿ ಆಕೆಯ ಮೊಣಕಾಲ ಮೇಲೆ ಕೈಯಿಟ್ಟಳು. “ನಿಮ್ಮ ಕೈಯಿಂದ ಬಂದದ್ದಲ್ಲಮ್ಮ. ನಾನೇ ಪರೀಕ್ಷೆ ಮಾಡಿದೀನಿ. ಆ ಜಾತಿ ಆ ಕೊಳವೆ ಒಳಗೇ ಬೆಳೆದದ್ದು.”

ಆಕೆ ಅಳುತ್ತಾಳೆಂದು ಗುಬ್ಬಿ ಅಂದುಕೊಂಡಿದ್ದಳು. ಆಕೆ ಅಳಲಿಲ್ಲ. ಮುಖ ನಿಧಾನವಾಗಿ ಕಲ್ಲಾಯಿತು. “ಇಷ್ಟು ದಿನ ಗೊತ್ತಿದ್ದೂ ಸುಮ್ನಿದ್ರಾ?” ಎಂದಳು. ದನಿ ಏರಿತು. “ನಾನಿಲ್ಲಿ ದಿನಾ ನನ್ನ ಕೈನೇ ನೋಡ್ಕೊಂಡು ಸಾಯ್ತಿದ್ದೆ. ನೀವು ಸಿಂಕು ಕಿತ್ತು, ಗೋಡೆ ಮುಚ್ಚಿ, ಬಣ್ಣ ಹೊಡೆದು ಎಲ್ಲ ಮುಗಿಸಿದ್ಮೇಲೆ ಈಗ ಬಂದ್ರಾ?”

 ಚಿಕ್ಕಮ್ಮ, “ಹೌದು. ತಡವಾಯ್ತು. ಮೊದಲನೇ ದಿನವೇ ಬರಬೇಕಿತ್ತು,” ಎಂದಳು.  ಗುಬ್ಬಿ ಏಳಲು ಚೀಲಕ್ಕೆ ಕೈ ಹಾಕಿದಳು.

“ಎಲ್ಲಿಗೆ?” ಎಂದಳು ಆ ತಾಯಿ. “ಕೂತ್ಕೊಳ್ಳಿ. ಅವರು ಕೆಲಸದಿಂದ ಬರೋ ಹೊತ್ತಾಯ್ತು. ನಾನು ಹೇಳಿದ್ರೆ ನಂಬಲ್ಲ, ಅವರಮ್ಮನೂ ನಂಬಲ್ಲ. ನನಗೆ ಹೇಳಿದ ಹಾಗೇ ಅವರಿಗೂ ಹೇಳಿ. ಒಂದು ಮಾತೂ ಬಿಡಬೇಡಿ.”

“ಹೇಳ್ತೀನಮ್ಮ,” ಎಂದಳು ಚಿಕ್ಕಮ್ಮ.

ಮೂವರೂ ಕೂತರು. ಆಕೆ ಒಂದು ಅಂಗಿಯನ್ನು ಎಳೆದುಕೊಂಡು ಗುಂಡಿ ಹಾಕತೊಡಗಿದಳು. ದಾರ ಸೂಜಿಯಿಂದ ಜಾರಿತು. ಚಿಕ್ಕಮ್ಮ ಕೈ ಚಾಚಿದಳು. ಆಕೆ ಒಂದು ಕ್ಷಣ ಆ ಕೈಯನ್ನೇ ನೋಡಿ, ಆಮೇಲೆ ಸೂಜಿದಾರ ಎರಡನ್ನೂ ಅದಕ್ಕೆ ಕೊಟ್ಟಳು. ಚಿಕ್ಕಮ್ಮ ಕಿಟಕಿಯ ಬೆಳಕಿಗೆ ಹಿಡಿದು ದಾರ ಪೋಣಿಸುತ್ತಿರುವಾಗ ಮೆಟ್ಟಿಲ ಮೇಲೆ ಗಂಡಸಿನ ಚಪ್ಪಲಿಯ ಸದ್ದಾಯಿತು. ಚಿಕ್ಕಮ್ಮ ಸೂಜಿಯನ್ನು ಆಕೆಗೆ ಹಿಂತಿರುಗಿಸಿ, ಎದ್ದು, ಬಾಗಿಲಿಗೆ ಮುಖ ಮಾಡಿ ನಿಂತಳು.